ಬಿರುಕು ಎತ್ತ ಹೋಯ್ತು ಅಂತ ಕೇಳಿದ್ದೆಯಲ್ಲ

ಚಿಕ್ಕಪ್ಪ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ನಕ್ಕುಬಿಟ್ಟೆ, ನೀನು ಸುಮ್ಮನಾದೆ. "ಕಂಪ್ಯೂಟರಿನಲ್ಲಿ ಕಲ್ಲು ಒಡೆಯೋಳು ನೀನು, ನಮ್ಮ ಬೋರಿನ ಬಿರುಕು ಎತ್ತ ಹೋಯ್ತು ಅಂತ ಹೇಳೋಕಾಗಲ್ವಾ?" ನಗುವ ಮಾತಲ್ಲ ಅದು. ನಾನು ಸಂಬಳ ತಗೊಂಡು ಕೂತಿರುವುದೇ ಆ ಪ್ರಶ್ನೆಯ ಮುಂದೆ.

ಬೋರಿನ ಕಲ್ಲು ಒಡೆಸಿದ ದಿನ ನಾನೂ ಇದ್ದೆ, ಪಿಯುಸಿ ರಜೆ. ಪೈಪಿನ ತುದಿಗೆ ರಬ್ಬರಿನ ಪ್ಯಾಕರ್ ಕಟ್ಟಿ ಬೋರಿಗೆ ಇಳಿಬಿಟ್ಟರು. ಅದು ಉಬ್ಬಿ ಬಿರಡೆಯ ಹಾಗೆ ಕೂತ ಮೇಲೆ ಕೆಳಕ್ಕೆ ನೀರು ನುಗ್ಗಿಸಿದರು. ಗೇಜಿನ ಮುಳ್ಳು ಏರಿ ಏರಿ, ಒಂದು ಗಳಿಗೆ ನಡುಗಿ, ಧೊಪ್ಪನೆ ಬಿತ್ತು. "ಒಡೀತು" ಅಂದ ಆಪರೇಟರ್, ಬೀಡಿ ಹಚ್ಚಿಕೊಂಡ. ಎರಡು ಇಂಚು ನೀರು ಬಂತು, ಅವ್ವ ಅರಿಶಿನ ಕುಂಕುಮ ಹಾಕಿದಳು. ಮೂರು ತಿಂಗಳಿಗೆ ಪಕ್ಕದ ತೋಟದ ಬೋರು ನಿಂತಿತು. ನಮ್ಮ ಬಿರುಕೇ ಹೋಗಿ ನೀರು ಕದ್ದಿತು ಅಂತ ಅವರು ಮಾತು ಬಿಟ್ಟರು. ಇವತ್ತಿಗೂ ಬಿಟ್ಟಿದ್ದಾರೆ.

ಮೊದಲು ದಿಕ್ಕಿನ ಮಾತು. 1957ರಲ್ಲಿ ಅಮೆರಿಕದ ಹಬ್ಬರ್ಟ್, ವಿಲಿಸ್ ಅನ್ನುವವರು ಜೆಲಟಿನ್ ಗಟ್ಟಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಿಂಡಿ ಬಿರುಕು ಎತ್ತ ತೆರೆಯುತ್ತದೆ ಅಂತ ತೋರಿಸಿದರು. ನಾನು ಹಾಸ್ಟೆಲ್ಲಿನಲ್ಲಿ ಚೈನಾಗ್ರಾಸ್ ಕಾಯಿಸಿ ಮಾಡಿ ನೋಡಿದೆ. ಡಬ್ಬಿಯಿಂದ ಕವುಚಿ, ಸಿರಿಂಜಿನಲ್ಲಿ ಕುಂಕುಮದ ನೀರು ಚುಚ್ಚಿದರೆ ಒಳಗೆ ತೆಳ್ಳಗೆ ಒಂದು ಕೆಂಪು ಬಿಲ್ಲೆ ಅರಳುತ್ತದೆ. ಎರಡು ಪಕ್ಕಕ್ಕೆ ಹಲಗೆಯಿಟ್ಟು ಒತ್ತಿ ಚುಚ್ಚು, ಹಲಗೆಗೆ ಎದುರಾಗಿ ಅದು ಬಾಯಿ ತೆರೆಯುವುದೇ ಇಲ್ಲ. ಒತ್ತು ಕಡಿಮೆಯಿರುವ ಕಡೆಗೆ ತೆರೆದುಕೊಳ್ಳುತ್ತದೆ. ಭೂಮಿಯೊಳಗೂ ಅಷ್ಟೇ. ಬಹಳ ಆಳದಲ್ಲಿ ಮೇಲಿನ ಭಾರ ಹೆಚ್ಚು, ಹಾಗಾಗಿ ಬಿರುಕು ಸಾಮಾನ್ಯವಾಗಿ ನಿಂತುಕೊಂಡು ಹೋಗುತ್ತದೆ. ನಮ್ಮ ಬೋರಿನಂಥ ಆಳದಲ್ಲಿ ಮೇಲಿನ ಭಾರವೇ ಕಡಿಮೆಯಾಗಿ, ಬಿರುಕು ದೋಸೆಯ ಹಾಗೆ ಮಲಗಿಕೊಂಡು ಹರಡುವುದುಂಟು.

ಇನ್ನು ದೂರ. ಅದಕ್ಕೆ ನಿನ್ನ ಕಾಲುವೆಯೇ ಬೇಕು. ಟೊಮೆಟೊಗೆ ನೀರು ಬಿಟ್ಟು, ಸನಿಕೆ ಊರಿಕೊಂಡು ನಿಂತು ನೀನು ಹೇಳುತ್ತಿದ್ದೆ: "ನೆನೆದ ಮಣ್ಣು ಸಂಕೋಚದಿಂದ ಕುಡೀತದೆ, ಒಣ ಮಣ್ಣು ಬಾಯಾರಿ ಕುಡೀತದೆ." ನೀರಿನ ಮೂತಿ ಮುಂದಕ್ಕೆ ತೆವಳಿದಷ್ಟೂ ಹೊಸ ಒಣ ಮಣ್ಣು ಸಿಗುತ್ತದೆ, ಅದಕ್ಕೇ ಕೊನೆಯ ಪಾತಿ ಮುಟ್ಟುವಷ್ಟರಲ್ಲಿ ಕರೆಂಟು ಹೋಗಿರುತ್ತದೆ. ನೀರು ಹೀರುವ ಕಲ್ಲಿನಲ್ಲಿ ಬಿರುಕೂ ಹೀಗೇ ನಡೆಯುತ್ತದೆ. ಕಾರ್ಟರ್ ಎಂಬಾತ ಅದೇ 1957ರಲ್ಲಿ ಇದಕ್ಕೊಂದು ಸೂತ್ರ ಕೊಟ್ಟ. ಬಿರುಕಿನ ಗೋಡೆಗೆ ನೀರು ತಾಗಿ ಒಂದು ನಿಮಿಷಕ್ಕೆ ಕುಡಿಯುವ ವೇಗ ಇಷ್ಟಿದ್ದರೆ, ನಾಲ್ಕನೇ ನಿಮಿಷಕ್ಕೆ ಅದರರ್ಧ, ಒಂಬತ್ತನೇ ನಿಮಿಷಕ್ಕೆ ಮೂರನೇ ಒಂದು. ಕಾಲದ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ.

ನನ್ನ ತಲೆನೋವು ಇಲ್ಲೇ ಇರುವುದು. ಬಿರುಕಿನ ಪ್ರತಿ ಚುಕ್ಕೆಗೂ ಅದು ಹುಟ್ಟಿದ ಗಳಿಗೆ ಬರೆದಿಡಬೇಕು, ಜಾತಕದ ಹಾಗೆ. ಕಂಪ್ಯೂಟರು ಒಂದೊಂದು ಹೆಜ್ಜೆಗೂ ಎಲ್ಲ ಜಾತಕ ತಿರುವಿ, ಯಾರು ಎಷ್ಟು ಕುಡಿದರು ಅಂತ ಕೂಡಿ, ಉಳಿದ ನೀರಿಗೆ ಎಷ್ಟು ಅಗಲ, ಎಷ್ಟು ಉದ್ದ ಅಂತ ಹಂಚುತ್ತದೆ. ತುದಿಯಲ್ಲಿ ಇನ್ನೊಂದು ಪೇಚು. ಕಲ್ಲಿನ ಬಿಗುವೇ ಬಿರುಕನ್ನು ತಡೆದರೆ ತುದಿಯ ಬಾಯಿ ಒಂದು ಆಕಾರದಲ್ಲಿ ತೆರೆಯುತ್ತದೆ, ನೀರಿನ ಮಂದವೇ ತಡೆದರೆ ಇನ್ನೊಂದು, ಕಲ್ಲು ಜೋರಾಗಿ ಕುಡಿದರೆ ಮತ್ತೊಂದು. ತುದಿಯಲ್ಲಿ ಕೂದಲೆಳೆ ತಪ್ಪಿದರೆ ಒಟ್ಟು ಉದ್ದವೇ ಸುಳ್ಳಾಗುತ್ತದೆ. ಕಳೆದ ಚಳಿಗಾಲ ಪೂರ್ತಿ ನಾನು ಆ ತುದಿಯಲ್ಲೇ ಕಳೆದೆ.

ಕಲ್ಲಿನ ಈ ಕುಡಿತಕ್ಕೆ ಹೆದರಿ 1947ರಲ್ಲಿ ಕಾನ್ಸಸ್‌ನ ಹ್ಯೂಗೋಟನ್ ಅನಿಲ ಬಾವಿಯಲ್ಲಿ ಹೀಗೆ ಕಲ್ಲು ಒಡೆಯುವ ಮೊದಲ ಪ್ರಯೋಗಕ್ಕೆ ಪೆಟ್ರೋಲಿಗೆ ನೇಪಾಮ್ ಬೆರೆಸಿ ಗಂಜಿಯಂತೆ ಮಂದ ಮಾಡಿದ್ದರು. ಅಲ್ಲಿನದು ಸುಣ್ಣಕಲ್ಲು. ನಮ್ಮದು ಕಗ್ಗಲ್ಲು, ಮೈಯಿಂದ ಕುಡಿಯುವುದಿಲ್ಲ, ಹಳೆಯ ಸೀಳುಗಳಿಂದ ಕುಡಿಯುತ್ತದೆ. ಕಾರ್ಟರನ ಸೂತ್ರವನ್ನು ನಮ್ಮ ಕಲ್ಲಿಗೆ ಹಾಗೇ ತಂದು ಹಾಕಿದರೆ ನನ್ನ ಗೈಡ್ ಬೈಯ್ಯುತ್ತಾರೆ, ಬೈಯ್ಯಬೇಕಾದ್ದೇ.

ಆದರೂ ಬೆರಳೆಣಿಕೆಯ ಲೆಕ್ಕವೊಂದಿದೆ, ಅದಕ್ಕೆ ಕಂಪ್ಯೂಟರು ಬೇಡ. ಒಂದು ಟ್ಯಾಂಕರು, 5,000 ಲೀಟರು, ಒಂದು ಹನಿಯೂ ಸೋರದೆ ಬಿರುಕಿಗೇ ಹೋಯಿತು ಅನ್ನು. ಬಿರುಕು ದುಂಡಗಿದೆ, ದಪ್ಪ ಸರಾಸರಿ ಒಂದು ಮಿಲಿಮೀಟರು ಅನ್ನು. ಆಗ ಅದು ಬೋರಿನಿಂದ ಸುಮಾರು 40 ಮೀಟರು, ಅಂದರೆ 130 ಅಡಿ ಮುಟ್ಟುತ್ತದೆ. ಅರ್ಧ ನೀರು ಸೋರಿದ್ದರೆ 90 ಅಡಿ. ಪಕ್ಕದ ತೋಟದವರ ಬೋರು ನಮ್ಮದಕ್ಕೆ ಇನ್ನೂರು ಅಡಿ ದೂರ ಇದ್ದೀತು, ಅಲ್ವಾ? ನೀನು ಕದ್ದಿಲ್ಲ ಅಂತ ನಾನು ಇನ್ನೂ ಬರೆದುಕೊಡಲಾರೆ. ಎರಡು ಟ್ಯಾಂಕರು ಹೋಗಿದ್ದರೆ, ಅಥವಾ ಹೊಸ ಬಿರುಕು ಹಳೆಯ ಸೀಳಿಗೆ ಹೋಗಿ ಸೇರಿದ್ದರೆ, ಮಾತೇ ಬೇರೆ. ಆ ವರ್ಷ ಸುತ್ತಲಿನ ಎಷ್ಟು ಬೋರು ತಾವಾಗಿಯೇ ಬತ್ತಿದವು ಅನ್ನುವುದೂ ಬೇಕು.

ಅದಕ್ಕೇ ಕೇಳುತ್ತೇನೆ. ಅಡುಗೆಮನೆ ಬಾಗಿಲ ಹಿಂದೆ ಹಳೇ ಕ್ಯಾಲೆಂಡರುಗಳನ್ನು ಮೊಳೆಗೆ ಸಿಕ್ಕಿಸಿರುತ್ತೀಯಲ್ಲ, ಹಾಲಿನ ಲೆಕ್ಕ, ಗೊಬ್ಬರದ ಲೆಕ್ಕ ಬರೆದವು. ಆ ಏಪ್ರಿಲ್ ಹಾಳೆ ತೆಗೆದು ನೋಡು. ಟ್ಯಾಂಕರಿನವನಿಗೆ ಎಷ್ಟು ದುಡ್ಡು ಕೊಟ್ಟೆ, ಎಷ್ಟು ಸಲ ಬಂದ ಅಂತ ಬರೆದಿರುತ್ತೀಯ. ಹಾಳೆಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕು. ಸಾಲದ ಲೆಕ್ಕ ಏನಾದರೂ ಅದರಲ್ಲಿದ್ದರೆ ಕೈಯಿಂದ ಮುಚ್ಚಿ ತೆಗಿ, ನಾನು ಅಪ್ಪನಿಗೆ ಹೇಳುವುದಿಲ್ಲ.

ನಿನ್ನ ಮಗಳು