ಕಾಣದ ಕೀಲು

ನನ್ನ ಅಜ್ಜ ಎತ್ತಿನ ಗಾಡಿಯನ್ನು ಹೂಡಿದ ಮೇಲೆ ಎರಡೂ ಗಾಲಿಗಳ ಬಳಿ ಬಾಗಿ, ಅಚ್ಚಿನ ತುದಿಯ ಕಡಾಣಿಯನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದರು. ಹಿಂದಿನ ದಿನ ತಾವೇ ಹಾಕಿದ್ದರೂ ಮುಟ್ಟುತ್ತಿದ್ದರು. ಮಕ್ಕಳಾದ ನಮಗೆ ಅದು ನಗೆಯ ವಿಷಯವಾಗಿತ್ತು. ಆ ಬೆರಳುದ್ದದ ಕೀಲಿನ ಅರ್ಥ ನನಗೆ ತಿಳಿದುದು ಬಹುಕಾಲದ ಮೇಲೆ, ಮುಂಬಯಿಯ ಸಮುದ್ರದಲ್ಲಿ.

ಉದ್ಯೋಗನಿಮಿತ್ತ ಆ ನಗರದಲ್ಲಿ ನೆಲೆಸಿದ್ದಾಗ ಗೆಳೆಯರೊಬ್ಬರಿಂದ ನನಗೆ ಹಾಯಿದೋಣಿಯ ಹವ್ಯಾಸ ಹತ್ತಿತು. ಅಲ್ಲಿ ಮಳೆಗಾಲ ಬಂತೆಂದರೆ ಸಣ್ಣ ಹಾಯಿದೋಣಿಗಳನ್ನು ದಡಕ್ಕೆಳೆದು, ಕೂವೆಕಂಬವನ್ನು ಇಳಿಸಿ, ಹೊದಿಕೆ ಹಾಕಿ ಇಡುತ್ತಾರೆ. ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ, ಕಂಬವನ್ನು ಮತ್ತೆ ನಿಲ್ಲಿಸುವ ಕೆಲಸ ಒಂದು ಸಣ್ಣ ಉತ್ಸವದಂತೆ ನಡೆಯುತ್ತದೆ.

ಕೂವೆಕಂಬವು ತನ್ನ ಬಲದಿಂದ ನಿಲ್ಲುವುದಿಲ್ಲ. ನಮ್ಮ ದೋಣಿಯಲ್ಲಿ ಅದನ್ನು ನಾಲ್ಕು ಉಕ್ಕಿನ ತಂತಿಗಳು ಹಿಡಿದಿದ್ದವು: ಮುಂದಕ್ಕೊಂದು, ಹಿಂದಕ್ಕೊಂದು, ಎಡಬಲಗಳಿಗೆ ಒಂದೊಂದು. ಮೊದಲು ಹಿಂದಿನ ಮತ್ತು ಪಕ್ಕದ ತಂತಿಗಳನ್ನು ಸಡಿಲವಾಗಿ ಕೊಂಡಿಗಳಿಗೆ ಸೇರಿಸಿ, ಕಂಬವನ್ನು ಎತ್ತಿ ನಿಲ್ಲಿಸಿ, ಕೊನೆಗೆ ಮುಂದಿನ ತಂತಿಯನ್ನು ಕಟ್ಟುತ್ತಾರೆ. ಬಳಿಕ ಪ್ರತಿಯೊಂದು ತಂತಿಯ ಬುಡದಲ್ಲಿರುವ ಟರ್ನ್‌ಬಕಲ್ ಎಂಬ ಬಿಗಿತಿರುಪನ್ನು ಸುತ್ತು ಎಣಿಸುತ್ತ ತಿರುಗಿಸಬೇಕು. ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ. ಹಾಯಿಯನ್ನೇರಿಸುವ ಹಗ್ಗದ ತುದಿಯನ್ನು ಎರಡೂ ಬದಿಯ ಅಂಚಿಗೆ ಎಳೆದು ಅಳೆದರೆ ಕಂಬ ನಡುವೆ ನಿಂತಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಬುಡದಲ್ಲಿ ಕುಳಿತು ಕಂಬದ ಮೈಗುಂಟ ಮೇಲೆ ನೋಡಿದರೆ ಡೊಂಕು ಕಾಣುತ್ತದೆ. ತಂತಿ ಸಡಿಲವಾದರೆ ಕಂಬ ಓಲಾಡುತ್ತದೆ. ಅತಿಯಾಗಿ ಬಿಗಿದರೆ ಕಂಬವೇ ದೋಣಿಯ ಮೈಯನ್ನು ಕೆಳಕ್ಕೆ ಒತ್ತಿ ಕೆಡಿಸುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಅತ್ಯಂತ ಚಿಕ್ಕ ಕೆಲಸ. ಟರ್ನ್‌ಬಕಲ್ಲಿನ ಎರಡೂ ತಿರುಪುಗಳ ರಂಧ್ರದಲ್ಲಿ ಒಂದೊಂದು ಸ್ಪ್ಲಿಟ್ ಪಿನ್ ತೂರಿಸಿ, ಅದರ ಕಾಲುಗಳನ್ನು ಅಗಲಿಸಿ, ಹಾಯಿಗೆ ತಾಗಿ ಹರಿಯದಂತೆ ಮೇಲೆ ಟೇಪು ಸುತ್ತಬೇಕು. ಗಾಳಿ ಬರುವ ಬದಿಯ ತಂತಿ ಭಾರ ಹೊತ್ತಾಗ ಎದುರು ಬದಿಯದು ಸಡಿಲಗೊಂಡು ನಡುಗುತ್ತಿರುತ್ತದೆ. ಪಿನ್ ಇಲ್ಲದ ತಿರುಪು ಆ ನಡುಕದಲ್ಲಿ ಸ್ವಲ್ಪಸ್ವಲ್ಪವಾಗಿ ತಾನೇ ಬಿಚ್ಚಿಕೊಳ್ಳುತ್ತದೆ.

1999ರ ಅಕ್ಟೋಬರಿನಲ್ಲಿ ಎಡಬದಿಯ ಕೆಲಸವನ್ನು ನಾನು ವಹಿಸಿಕೊಂಡಿದ್ದೆ. ಬಲಬದಿಯಲ್ಲಿ ದೋಣಿಯ ತಾಂಡೇಲನಿದ್ದ. ಕೊಂಕಣ ತೀರದ ಹಳ್ಳಿಯವನು, ನನಗಿಂತ ಹಿರಿಯ, ಮಿತಭಾಷಿ. ಪಿನ್ನುಗಳು ನನ್ನ ಕೈಯಲ್ಲಿದ್ದಾಗ ಯಾರೋ ಚಹಾಕ್ಕೆ ಕರೆದರು. ಹೋಗಿ ಬಂದೆ, ಟೇಪು ಕಣ್ಣಿಗೆ ಬಿತ್ತು, ಅಚ್ಚುಕಟ್ಟಾಗಿ ಸುತ್ತಿದೆ. “ಪಿನ್ ಹಾಕಿದಿರಾ, ಸಾಹೇಬರೇ?” ಎಂದು ತಾಂಡೇಲ ಕೇಳಿದ. “ಆಯಿತು” ಎಂದೆ. ಆಗಿದೆಯೆಂದೇ ನಂಬಿದ್ದೆ.

ಹದಿನೈದು ದಿನಗಳಲ್ಲಿ ನಾಲ್ಕು ಬಾರಿ ದೋಣಿ ಕಡಲಿಗಿಳಿಯಿತು. ಐದನೆಯ ಬಾರಿ, ದಿಕ್ಕು ತಿರುಗಿಸಿ ಗಾಳಿಯನ್ನು ಎಡಕ್ಕೆ ತೆಗೆದುಕೊಂಡ ಕ್ಷಣದಲ್ಲಿ, ಎಡಬದಿಯ ತಂತಿ ಕಳಚಿತು. ಕಂಬ ಬಲಕ್ಕೆ ಉರುಳಿತು. ಅಲ್ಲಿ ಬಾಗಿ ಮುಂದಿನ ಹಾಯಿಯ ಹಗ್ಗವನ್ನು ಎಳೆಯುತ್ತಿದ್ದ ಗೆಳೆಯರ ಹದಿನೇಳು ವರ್ಷದ ಮಗನ ಭುಜದ ಮೂಳೆ ಮುರಿಯಿತು. ಒಂದು ಗೇಣು ಆಚೀಚೆಯಾಗಿದ್ದರೆ ತಲೆಗೇ ಬೀಳುತ್ತಿತ್ತು.

ಅಂದು ರಾತ್ರಿ ದೋಣಿಗೆಂದೇ ಇಟ್ಟಿದ್ದ ಚೀಲವನ್ನು ಬರಿದು ಮಾಡಿದಾಗ ಹೊರಜೇಬಿನಿಂದ ಎರಡು ಪಿನ್ನುಗಳು ಬಿದ್ದವು. ಕಾಲು ಅಗಲಿಸದ ಹೊಸ ಪಿನ್ನುಗಳು. ಮನೆಯವರು ಏನೆಂದು ಕೇಳಿದರು. ಏನಿಲ್ಲವೆಂದೆ.

ದೋಣಿಯ ಉಸ್ತುವಾರಿಯವರು ವಿಚಾರಣೆ ನಡೆಸಿದರು. ಕಂಬ ನಿಲ್ಲಿಸುವ ಹೊಣೆ ತಾಂಡೇಲನದೆಂದು ದಾಖಲೆಯಲ್ಲಿತ್ತು. ನಾನು ಅಂದು ‘ಆಯಿತು’ ಎಂದುದನ್ನು ಅವನು ಯಾರ ಮುಂದೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಹುಡುಗನ ತಂದೆಯ ಮುಖವನ್ನು ಹೇಗೆ ನೋಡಲಿ ಎಂಬ ಅಂಜಿಕೆಯೇ ನನಗೆ ದೊಡ್ಡದಾಗಿತ್ತು. ತಾಂಡೇಲನನ್ನು ಕೆಲಸದಿಂದ ತೆಗೆದರು.

ಹನ್ನೊಂದು ದಿನ ಆ ಪಿನ್ನುಗಳು ನನ್ನ ಮೇಜಿನ ಸೆಳೆಖಾನೆಯಲ್ಲಿದ್ದವು. ಹನ್ನೆರಡನೆಯ ದಿನ ಮೊದಲು ಗೆಳೆಯರ ಮನೆಗೆ, ಅನಂತರ ಉಸ್ತುವಾರಿಯವರಲ್ಲಿಗೆ ಹೋಗಿ ನಡೆದುದನ್ನು ಹೇಳಿದೆ. ಗೆಳೆಯರು ಬಹಳ ಹೊತ್ತು ಮಾತನಾಡಲಿಲ್ಲ. ತಾಂಡೇಲನನ್ನು ಮರಳಿ ಕರೆಯಲು ಒಪ್ಪಿಗೆ ದೊರೆತ ಮೇಲೆ ನಾನೇ ಅವನ ಊರಿಗೆ ಹೊರಟೆ. ಅವನು ಅಂಗಳದಲ್ಲಿ ಬಲೆ ಸರಿಪಡಿಸುತ್ತಿದ್ದ. ಎಲ್ಲವನ್ನೂ ಕೇಳಿ ಹೀಗೆಂದ: “ಕೈಯಿಟ್ಟು ನೋಡದೆ ನಿಮ್ಮ ಮಾತನ್ನು ನಂಬಿದ್ದು ನನ್ನ ತಪ್ಪು. ಆದರೆ ಸಾಹೇಬರೇ, ನೀವು ಅಂದೇ ಹೇಳಿದ್ದರೆ ಅದು ಒಂದು ಪಿನ್ನಿನ ತಪ್ಪು ಮಾತ್ರ ಆಗುತ್ತಿತ್ತು.” ಕಳೆದುಹೋದ ದಿನಗಳ ಸಂಬಳವನ್ನು ತೆಗೆದುಕೊಂಡ. ಕೆಲಸಕ್ಕೆ ಮರಳಲಿಲ್ಲ.

2018ರ ಸೆಪ್ಟೆಂಬರಿನಲ್ಲಿ ಒಬ್ಬಂಟಿಯಾಗಿ ಭೂಪ್ರದಕ್ಷಿಣೆಗೆ ಹೊರಟಿದ್ದ ನೌಕಾದಳದ ಅಭಿಲಾಷ್ ಟಾಮಿಯವರ ‘ತುರೀಯ’ ದೋಣಿಯ ಕಂಬ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಮುರಿಯಿತು. ಬೆನ್ನೆಲುಬಿಗೆ ಪೆಟ್ಟಾಗಿ ಏಳಲಾರದೆ ಮಲಗಿದ್ದ ಅವರನ್ನು ‘ಓಸಿರಿಸ್’ ಎಂಬ ಫ್ರೆಂಚ್ ನೌಕೆ ರಕ್ಷಿಸಿತು. ಪತ್ರಿಕೆಯಲ್ಲಿ ಅದನ್ನು ಓದಿದ ದಿನ ನನಗೆ ಹಳೆಯದೆಲ್ಲ ನೆನಪಾಯಿತು. ಅವರ ಕಂಬವನ್ನು ಬೀಳಿಸಿದ್ದು ಪ್ರಕೃತಿ. ನಮ್ಮದನ್ನು ಬೀಳಿಸಲು ಬಿರುಗಾಳಿ ಬೇಕಾಗಿರಲಿಲ್ಲ.

ಎಚ್ಚರದಪ್ಪುವುದನ್ನು ನಮ್ಮ ಹಿರಿಯರು ‘ಪ್ರಮಾದ’ವೆಂದು ಕರೆದು, ಹಿಂಸೆಯ ಬೇರನ್ನು ಅಲ್ಲಿಯೇ ಗುರುತಿಸಿದರು. ಯಾರನ್ನೂ ನೋಯಿಸುವ ಬಯಕೆ ನನಗಿರಲಿಲ್ಲವೆಂಬುದು ನಿಜ. ಆದರೂ ಒಬ್ಬ ಹುಡುಗನ ಮೂಳೆ ಮುರಿಯಿತು, ಒಬ್ಬ ಹಿರಿಯನ ಅನ್ನ ಹೋಯಿತು. ಮೊದಲನೆಯದು ಮರೆವಿನಿಂದ ಆದದ್ದು. ಎರಡನೆಯದು ತಿಳಿದೂ ಸುಮ್ಮನಿದ್ದುದರಿಂದ ಆದದ್ದು. ಅದಕ್ಕೆ ಮರೆವಿನ ನೆಪವೂ ನನಗಿಲ್ಲ.

ಸಂಸ್ಥೆಗಳ ಲೆಕ್ಕಕ್ಕೆ ಸಹಿ ಹಾಕುವವರು, ರಥೋತ್ಸವದ ಮುನ್ನಾದಿನ ತೇರಿನ ಕೀಲು ನೋಡುವವರು, ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರೆಲ್ಲರಲ್ಲಿ ನನ್ನ ವಿನಂತಿ ಇಷ್ಟೇ: ‘ಆಯಿತು’ ಎನ್ನುವ ಮೊದಲು ಒಮ್ಮೆ ಕೈಯಿಂದ ಮುಟ್ಟಿ ನೋಡಿರಿ. ತಪ್ಪಿದೆಯೆಂದು ತಿಳಿದರೆ ಅಂದೇ ಹೇಳಿರಿ. ಆ ಎರಡು ಪಿನ್ನುಗಳು ಈಗಲೂ ನನ್ನ ಸೆಳೆಖಾನೆಯಲ್ಲಿವೆ.