ಕುಚ್ಚಲಕ್ಕಿ ಮತ್ತು ಸಹಕಿಣ್ವ

ಕುಮಟಾ, ಹೊನ್ನಾವರ, ಭಟ್ಕಳಗಳ ಕರಾವಳಿಯಲ್ಲಿ ದುಡಿಯುವವರ ಅನ್ನವೆಂದರೆ ಬಹುಕಾಲದಿಂದ ಕುಚ್ಚಲಕ್ಕಿಯ ಅನ್ನವೇ ಆಗಿದ್ದು, ಭತ್ತವನ್ನು ನೆನೆಸಿ, ಸಿಪ್ಪೆಸಹಿತ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟುವ ಈ ಪದ್ಧತಿಗೆ ಇಲ್ಲಿನ ಜನ ಕೊಡುತ್ತಿದ್ದ ಕಾರಣಗಳು ಸರಳವಾದವು: ಕುಟ್ಟುವಾಗ ಅಕ್ಕಿ ನುಚ್ಚಾಗುವುದಿಲ್ಲ, ಮಳೆಗಾಲದಲ್ಲಿ ಬೇಗ ಹುಳ ಹಿಡಿಯುವುದಿಲ್ಲ, ಉಂಡವನ ಹೊಟ್ಟೆ ಹೆಚ್ಚು ಹೊತ್ತು ತಡೆಯುತ್ತದೆ. ಇವೆಲ್ಲದರ ಜೊತೆಗೆ, ಕುದಿಯುವ ಹಂಡೆಯಲ್ಲಿ ಯಾರೂ ಉದ್ದೇಶಿಸದ ಇನ್ನೊಂದು ಕೆಲಸವೂ ನಡೆಯುತ್ತಿತ್ತು. ತೌಡಿನಲ್ಲಿಯೂ ಮೊಳಕೆಯೊಡೆಯುವ ತುದಿಯಲ್ಲಿಯೂ ಇರುವ, ನೀರಿನಲ್ಲಿ ಕರಗುವ ಥಯಾಮಿನ್ ಎಂಬ ಜೀವಸತ್ವವು, ಅಂದರೆ ವಿಟಮಿನ್ ಬಿ1, ಬಿಸಿನೀರಿನೊಡನೆ ಕಾಳಿನ ಒಳಕ್ಕೆ ಇಳಿದು, ಪಿಷ್ಟವು ಬೆಂದು ಗಟ್ಟಿಯಾಗುವಾಗ ಅಲ್ಲಿಯೇ ಸೆರೆಯಾಗುತ್ತಿದ್ದುದರಿಂದ, ತೌಡು ಹೋದ ಮೇಲೂ ಅದರ ಗಣನೀಯ ಪಾಲು ಅಕ್ಕಿಯಲ್ಲಿ ಉಳಿಯುತ್ತಿತ್ತು.

ಪ್ರಸ್ತುತ ಲೇಖಕನ ಬಾಲ್ಯದ ಮನೆಯಲ್ಲಿ ಈ ಅಕ್ಕಿಗೆ ಎರಡನೆಯ ಸ್ಥಾನವಿತ್ತು. ನೆಂಟರು ಬಂದರೆ, ಹಬ್ಬವಾದರೆ, ದೇವರ ನೈವೇದ್ಯವಾದರೆ ಬೆಳ್ತಿಗೆ ಅಕ್ಕಿ, ಅಂದರೆ ಹಸಿಭತ್ತದ ಬಿಳಿ ಅಕ್ಕಿ. ಉಳಿದ ದಿನಗಳಲ್ಲಿ ಕುಚ್ಚಲಕ್ಕಿಯ ಗಂಜಿ, ಜೊತೆಗೆ ಒಂದು ಹೋಳು ಮಾವಿನ ಮಿಡಿಯ ಉಪ್ಪಿನಕಾಯಿ. ಬಿಳಿಯ ಅನ್ನ ಗೌರವದ ಗುರುತಾಗಿದ್ದ ಆ ದಿನಗಳಲ್ಲಿ, ಅಘನಾಶಿನಿಯ ಉಪ್ಪುನೀರನ್ನು ಸಹಿಸಿ ಮಾಣಿಕಟ್ಟಾದ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗದಂಥ ಕೆಂಪಕ್ಕಿಯನ್ನು ಅತಿಥಿಗೆ ಬಡಿಸುವುದಕ್ಕೆ ಮನೆಯ ಅಜ್ಜಿ ಸಂಕೋಚಪಡುತ್ತಿದ್ದರು. ದೇವರ ಮಟ್ಟಿಗೆ ಆಕ್ಷೇಪವಿಲ್ಲ, ದೇವರಿಗೆ ಥಯಾಮಿನ್ ಕೊರತೆಯಾದ ದಾಖಲೆ ಎಲ್ಲಿಯೂ ಇಲ್ಲ. ಅತಿಥಿಗಳಿಗೆ ಮಾತ್ರ ಮರ್ಯಾದೆಯ ಹೆಸರಿನಲ್ಲಿ ಸತ್ವ ಕಡಿಮೆಯಿದ್ದುದನ್ನೇ ಬಡಿಸಿದಂತಾಗುತ್ತಿತ್ತು.

ಈ ಸತ್ವದ ಕೆಲಸವೇನೆಂದು ತಿಳಿಯಲು ಕಿಣ್ವಗಳ ಕಡೆಗೆ ನೋಡಬೇಕು. ದೇಹದೊಳಗಿನ ರಾಸಾಯನಿಕ ಕ್ರಿಯೆಗಳನ್ನು ತ್ವರೆಗೊಳಿಸುವ ಪ್ರೋಟೀನುಗಳೇ ಕಿಣ್ವಗಳು. ಆದರೆ ಅವುಗಳಲ್ಲಿ ಅನೇಕವು ಒಂಟಿಯಾಗಿ ಕೆಲಸ ಮಾಡಲಾರವು, ಅವುಗಳಿಗೆ ಸಹಕಿಣ್ವವೆಂಬ ಚಿಕ್ಕ ಅಣುವಿನ ನೆರವು ಬೇಕು, ಮತ್ತು ಬಿ ಗುಂಪಿನ ಜೀವಸತ್ವಗಳು ದೇಹದಲ್ಲಿ ತುಸು ಮಾರ್ಪಟ್ಟು ಇಂಥ ಸಹಕಿಣ್ವಗಳಾಗುತ್ತವೆ. ತದಡಿಯ ತಾರಿಯಲ್ಲಿ ದೋಣಿಯೊಂದು ಜನರನ್ನು ಆಚೆ ದಡಕ್ಕೆ ಇಳಿಸಿ ಮತ್ತೆ ಈಚೆ ಬಂದು ಇನ್ನಷ್ಟು ಜನರನ್ನು ಹತ್ತಿಸಿಕೊಳ್ಳುವಂತೆ, ಸಹಕಿಣ್ವವು ಒಂದು ಅಣುವಿನ ತುಣುಕನ್ನು ಹೊತ್ತು ಇನ್ನೊಂದಕ್ಕೆ ದಾಟಿಸಿ, ತಾನು ಮೊದಲಿನಂತಾಗಿ ಮರಳುತ್ತದೆ. ದಿನಕ್ಕೆ ಬರಿಯ 1ರಿಂದ 2 ಮಿಲಿಗ್ರಾಂ ಥಯಾಮಿನ್ ಸಾಲುವುದು ಇದರಿಂದಲೇ. ಅನ್ನದ ಪಿಷ್ಟವು ಗ್ಲೂಕೋಸ್ ಆಗಿ, ಗ್ಲೂಕೋಸ್ ಒಡೆದು ಪೈರುವೇಟ್ ಎಂಬ ಮೂರು ಇಂಗಾಲದ ಅಣುವಾದ ಮೇಲೆ, ಅದರಿಂದ ಒಂದು ಇಂಗಾಲವನ್ನು ಕಾರ್ಬನ್ ಡೈಆಕ್ಸೈಡ್ ರೂಪದಲ್ಲಿ ಕಳಚಿ ಉಳಿದುದನ್ನು ಶಕ್ತಿ ಉತ್ಪಾದನೆಯ ಚಕ್ರಕ್ಕೆ ಒಯ್ಯುವ ಕಿಣ್ವಸಮೂಹಕ್ಕೆ ಐದು ಸಹಕಿಣ್ವಗಳು ಬೇಕಾಗುತ್ತವೆ. ಅವುಗಳಲ್ಲಿ ನಾಲ್ಕು ಬಿ ಗುಂಪಿನ ಜೀವಸತ್ವಗಳಿಂದ ಬಂದಂಥವು, ಮೊದಲು ಕೈಹಾಕುವುದು ಥಯಾಮಿನ್. ಅದಿಲ್ಲವಾದರೆ ಎಷ್ಟೇ ಅನ್ನ ಉಂಡರೂ ಪೈರುವೇಟ್ ಹಿಂದೆಯೇ ಕೂಡಿಬಿದ್ದು, ಸದಾ ಶಕ್ತಿ ಬೇಡುವ ನರಗಳೂ ಹೃದಯವೂ ಸೋಲುತ್ತವೆ. ಇದೇ ಬೆರಿಬೆರಿ ಎಂಬ ರೋಗ.

ಗಿರಣಿಯಲ್ಲಿ ಬೆಳ್ಳಗೆ ಮಾಡಿದ ಅಕ್ಕಿ ಹರಡಿದಂತೆಲ್ಲ ಈ ರೋಗವೂ ಏಷ್ಯಾದಲ್ಲಿ ಹರಡಿತು. ಜಾವಾದಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಇದರ ಕಾರಣ ಹುಡುಕುತ್ತ ಕೋಳಿಗಳ ಮೇಲೆ ಪ್ರಯೋಗ ಮಾಡಿದನು. ಅದಕ್ಕಿಂತ ಕರಾವಳಿಯವರಿಗೆ ಹತ್ತಿರವಾದುದು ಮಲಯಾದ ಸಂಗತಿ: ಅಲ್ಲಿ ಹಸಿಭತ್ತದ ಬಿಳಿ ಅಕ್ಕಿ ಉಣ್ಣುತ್ತಿದ್ದ ಚೀನೀ ಕೂಲಿಗಳು ಬೆರಿಬೆರಿಯಿಂದ ಸಾಯುತ್ತಿರುವಾಗ, ಬೇಯಿಸಿದ ಭತ್ತದ ಅಕ್ಕಿ ಉಣ್ಣುತ್ತಿದ್ದ ತಮಿಳು ಕೂಲಿಗಳಿಗೆ ಅದು ತಗಲುತ್ತಿಲ್ಲವೆಂಬುದನ್ನು ವೈದ್ಯ ಬ್ರ್ಯಾಡನ್ 1907ರಲ್ಲಿ ಬರೆದನು. ಅತ್ತ ಲಂಡನ್ನಿನಲ್ಲಿ ರಸಾಯನವಿಜ್ಞಾನಿಗಳಾದ ಹಾರ್ಡನ್ ಮತ್ತು ಯಂಗ್, ಈ ರೋಗದ ಗೊಡವೆಯಿಲ್ಲದೆ, 1906ರಲ್ಲಿ, ಯೀಸ್ಟಿನ ರಸವನ್ನು ಸೋಸಿ ಎರಡು ಪಾಲು ಮಾಡಿ, ಒಂದೊಂದೇ ನಿಷ್ಕ್ರಿಯವಾಗಿದ್ದು ಕೂಡಿದಾಗ ಮಾತ್ರ ಹುದುಗುವಿಕೆ ನಡೆಯುವುದನ್ನು ತೋರಿಸಿ, ಕುದಿಸಿದರೂ ಕೆಡದ ಆ ಸಣ್ಣ ಅಣುಗಳ ಪಾಲನ್ನು ಸಹಕಿಣ್ವವೆಂದು ಗುರುತಿಸಿದ್ದರು. ರೋಗದ ಕಡೆಯಿಂದ ಹೊರಟ ಐಕ್ಮನ್ ಮತ್ತು ಯೀಸ್ಟಿನ ಕಡೆಯಿಂದ ಹೊರಟ ಹಾರ್ಡನ್ ಇಬ್ಬರೂ, ಬೇರೆ ಬೇರೆ ವಿಭಾಗಗಳಲ್ಲಿ, 1929ರಲ್ಲೇ ನೊಬೆಲ್ ಬಹುಮಾನ ಪಡೆದರು; ಆದರೆ ಎರಡು ದಾರಿಗಳು ನಿಜವಾಗಿ ಕೂಡಿದ್ದು 1937ರಲ್ಲಿ, ಪೈರುವೇಟಿನಿಂದ ಇಂಗಾಲ ಕಳಚಲು ಯೀಸ್ಟಿಗೆ ಬೇಕಾದ ಸಹಕಿಣ್ವವು ಥಯಾಮಿನಿಗೆ ಎರಡು ಫಾಸ್ಫೇಟ್ ಸೇರಿದ ಅಣುವೇ ಎಂದು ಲೋಮನ್ ಮತ್ತು ಶೂಸ್ಟರ್ ಸಾಧಿಸಿದಾಗ. ಅದರ ಹಿಂದಿನ ವರ್ಷ ಥಯಾಮಿನನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ಆಂಧ್ರದ ನೆಲ್ಲೂರಿನಲ್ಲಿ, ಮಿಷನರಿ ದಂಪತಿಗಳ ಮಗನಾಗಿ; 1910ರ ಸುಮಾರಿಗೆ ಮನಿಲಾದಲ್ಲಿ ತೌಡಿನ ಸಾರದ ಹನಿಗಳಿಂದ ಸಾಯುವ ಕೂಸು ಚೇತರಿಸಿದ್ದನ್ನು ಕಂಡವನು ಕಾಲು ಶತಮಾನ ಆ ಸಾರದೊಳಗಿನ ಸತ್ವದ ಬೆನ್ನು ಬಿಡಲಿಲ್ಲ.

ಕುಚ್ಚಲಕ್ಕಿಯನ್ನು ಸರ್ವರೋಗಹರವೆಂದು ಹೊಗಳುವವರ ಮಾತನ್ನು ನಂಬಬೇಕಾಗಿಲ್ಲ. ದೇಹದಲ್ಲಿರುವ ಥಯಾಮಿನ್ ದಾಸ್ತಾನು ಸುಮಾರು 30 ಮಿಲಿಗ್ರಾಂ ಮಾತ್ರ, ಪೂರೈಕೆ ನಿಂತರೆ ಎರಡು ಮೂರು ವಾರಗಳಲ್ಲಿ ಬರಿದಾಗುತ್ತದೆ ಎಂಬುದು ನಿಜ. ಆದರೆ ಬೇಳೆಕಾಳು, ಮೀನು, ಮಾಂಸ ತಟ್ಟೆಯಲ್ಲಿದ್ದರೆ ಅಕ್ಕಿಯೊಂದನ್ನೇ ನೆಚ್ಚಬೇಕಾಗಿಲ್ಲ. ಕೆಲವು ಮೀನು ಚಿಪ್ಪುಗಳಲ್ಲಿ ಥಯಾಮಿನನ್ನು ಒಡೆಯುವ ಕಿಣ್ವವೇ ಇದ್ದರೂ ಅದು ಬೇಯಿಸಿದಾಗ ನಾಶವಾಗುವುದರಿಂದ ಬೆಳಚಿನ ಸುಕ್ಕ ಮಾಡುವವರು ಚಿಂತಿಸಬೇಕಿಲ್ಲ. ಚಿಂತಿಸಬೇಕಾದವರು ಕವಳ ಹಾಕುವವರು: ಅಡಿಕೆಯ ಅಭ್ಯಾಸ ಥಯಾಮಿನ್ ಸ್ಥಿತಿಯನ್ನು ಕುಗ್ಗಿಸುತ್ತದೆಂದು ಥಾಯ್ಲೆಂಡಿನ ಅಧ್ಯಯನವೊಂದು 1975ರಲ್ಲೇ ತೋರಿಸಿದೆ, ಅಡಿಕೆಯಿಂದಲೇ ಬದುಕುವ ಜಿಲ್ಲೆಯಲ್ಲಿ ಈ ಮಾತು ಯಾರಿಗೂ ರುಚಿಸದು.

ಅನ್ನ ಬಸಿದಾಗ ಥಯಾಮಿನಿನ ಒಂದು ಪಾಲು ತೆಳಿಯೊಡನೆ ಹೋಗುತ್ತದೆ. ಅದನ್ನು ಹಳಬರು ಉಪ್ಪು ಹಾಕಿ ಕುಡಿಯುತ್ತಿದ್ದರು, ಈಗಿನ ಅಡುಗೆಮನೆಗಳಲ್ಲಿ ಅದು ನೇರ ಮೋರಿಗೆ ಸೇರುತ್ತದೆ. ಅಂಗಡಿಯಲ್ಲಿ ಹೆಚ್ಚು ಪಾಲಿಶ್ ಆಗದ ಕುಚ್ಚಲಕ್ಕಿಯನ್ನು ಕೇಳಿ ತರುವವರು ತೆಳಿಯನ್ನೂ ಚೆಲ್ಲದಿರಲಿ.