ಭಟ್ಟರ ಬೆಟ್ಟ

ಕೈಯ ರುಚಿಯೊಂದನ್ನೇ ನೆಚ್ಚಿ ಕರಾವಳಿಯನ್ನು ಬಿಟ್ಟು ಹೊರಟವರು ಅಸಂಖ್ಯರು. ಕಡಂದಲೆಯ ಕೃಷ್ಣರಾಯರು 1938ರಲ್ಲಿ ಮದರಾಸಿನಲ್ಲಿ ‘ವುಡ್‌ಲ್ಯಾಂಡ್ಸ್’ ತೆರೆದು ಕೀರ್ತಿವಂತರಾದರು. ನಮ್ಮ ಗಜೇಂದ್ರಗಡಕ್ಕೆ ಬಂದ ಅಡುಗೆಭಟ್ಟರಿಗೆ ದೊರೆತುದು ಹೋಟೆಲೊಂದರ ಹೊಗೆ ತುಂಬಿದ ಒಲೆ ಮಾತ್ರ.

ಅವರದು ಕೊಲ್ಲೂರಿನ ಕಡೆ, ಕೊಡಚಾದ್ರಿಯ ತಪ್ಪಲು. ಮಡದಿ, ಮಗಳು ಅಲ್ಲಿಯೇ ಇದ್ದರು. ಭಟ್ಟರಿಗೆ ಬರೆಯಲು ಬಾರದು; ತಿಂಗಳ ಮನಿಯಾರ್ಡರಿನೊಡನೆ ಹೋಗುವ ನಾಲ್ಕು ಸಾಲುಗಳನ್ನು ಬರೆಯುವವನು ಬಾಲಕನಾದ ನಾನು. ಅದಕ್ಕೆ ಒಂದು ಬಸಿ ಶಿರಾ ನನ್ನ ಸಂಭಾವನೆ!

“ಇಲ್ಲಿಯೂ ನಮ್ಮಲ್ಲಿಯಂತೆ ಬೆಟ್ಟವಿದೆ, ಕಾಡಿದೆ, ನನಗೇನೂ ಬೇಸರವಿಲ್ಲ ಎಂದು ಬರೆ ಮಾಣಿ” ಎನ್ನುವರು. ನಮ್ಮ ಬೆಟ್ಟದ ಮೇಲೆ ಕೋಟೆಯಿತ್ತು, ಕಲ್ಲಿತ್ತು, ಕಾಡೆಲ್ಲಿಯದು? ಆದರೂ ಬರೆದೆ. ಅಮಾವಾಸ್ಯೆಯ ಬಿಡುವಿನಲ್ಲಿ ಭಟ್ಟರು ಆ ಬೆಟ್ಟವನ್ನೇರಿ, ಪಡುವಣಕ್ಕೆ ಮುಖಮಾಡಿ, ಹೊತ್ತು ಮುಳುಗುವವರೆಗೂ ಕುಳಿತಿರುತ್ತಿದ್ದರು.

1972ರ ಬರಗಾಲದಲ್ಲಿ ತಾಯಿ-ಮಗಳು ಬಂದರು. ಹುಡುಗಿ ಬೋಳುಬೆಟ್ಟವನ್ನು ದಿಟ್ಟಿಸಿ, “ಅಪ್ಪಯ್ಯ, ಕಾಡೆಲ್ಲಿ?” ಎಂದಳು. ಸುಳ್ಳು ಹೇಳಿದವರು ಅವರು, ಬರೆದವನು ನಾನು; ಇಬ್ಬರೂ ತಲೆ ತಗ್ಗಿಸಿದೆವು.

ಮರುದಿನ ಭಟ್ಟರು ಎಲ್ಲರನ್ನೂ ಸಮೀಪದ ಕಾಲಕಾಲೇಶ್ವರಕ್ಕೆ ಕರೆದೊಯ್ದರು. ಮಗಳನ್ನು ಹೆಗಲೇರಿಸಿಕೊಂಡು ಮೆಟ್ಟಿಲು ಹತ್ತಿದರು. ಬೇಸಗೆಯಲ್ಲೂ ಬತ್ತದ ಅಂತರಗಂಗೆ ಅಲ್ಲಿದೆ. ಮರದ ಬೇರುಗಳ ನಡುವಿನಿಂದ ನೀರು ಇಳಿಯುತ್ತಿತ್ತು. ಹುಡುಗಿ ಬೊಗಸೆಯೊಡ್ಡಿ, “ನಮ್ಮೂರ ನೀರಿನ ಹಾಗೆಯೇ ತಣ್ಣಗಿದೆ” ಎಂದು ನಕ್ಕಳು. ಭಟ್ಟರೂ ನಕ್ಕರು. ಅವರ ಮಡದಿ ಮಾತ್ರ ನೀರಿನ ಕಡೆ ನೋಡಲಿಲ್ಲ. ಹೊಗೆಯಿಂದ ಕೆಂಪಾಗಿದ್ದ ಗಂಡನ ಕಣ್ಣುಗಳನ್ನೇ ನೋಡುತ್ತ ನಿಂತಿದ್ದರು.